ಹ್ಯಾಂಡ್‌ಬ್ರೇಕ್ ಡ್ಯೂಟಿ

ಕೆಂಪು ದೀಪ ಕಂಡೊಡನೆ ದೇವರ ಹೆಸರು ಹೇಳುವ ಮನುಷ್ಯ ಇಡೀ ಹೈದರಾಬಾದಿನಲ್ಲಿ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ! ಭಕ್ತಿಯೆಂದು ತಿಳಿಯಬೇಡಿ. ಅವರ ಹಳೆಯ ಪೆಟ್ರೋಲ್ ಟ್ರಕ್ಕು ಓಡುವಾಗ ಹುಲಿ, ನಿಂತಿತೋ ಸತ್ತಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಇಂಜಿನ್ನು ಎರಡು ಸಲ ಬಿಕ್ಕಿ, ಒಮ್ಮೆ ಮೈಕೊಡವಿ ಬಂದ್! ಹಿಂದಿನ ಬಸ್ಸು, ಆಟೋಗಳೆಲ್ಲ ಒಟ್ಟಾಗಿ ಹಾರ್ನ್ ಹೊಡೆದರೆ ಕಾಕಾ ಕಿಟಕಿಯಿಂದ ಕೈ ಹೊರಗೆ ಹಾಕಿ, ಮೆರವಣಿಗೆ ಹೊರಟ ಮದುಮಗನಂತೆ ಎಲ್ಲರಿಗೂ ಸಲಾಮು ಹೊಡೆಯುತ್ತಾರೆ.

ಹೀಗಾಗಿ ಸಿಗ್ನಲ್ಲಿನಲ್ಲಿ ಅವರ ಬಲಗಾಲು ಆಕ್ಸಿಲರೇಟರ್ ಬಿಡುವಂತಿಲ್ಲ, ಎಡಗಾಲು ಕ್ಲಚ್ ಬಿಡುವಂತಿಲ್ಲ. ಬ್ರೇಕಿಗೆ ಮೂರನೆಯ ಕಾಲನ್ನು ಎಲ್ಲಿಂದ ತರೋಣ? ಅದಕ್ಕೇ ಪಕ್ಕದಲ್ಲಿ ಒಬ್ಬರು ಕೂತು ಹ್ಯಾಂಡ್‌ಬ್ರೇಕ್ ಎಳೆದು ಹಿಡಿಯಬೇಕು. ಮದುವೆಯಾದ ಹೊಸತರಿಂದ ಈ ಹುದ್ದೆ ನಮ್ಮ ಕಾಕುವಿನದು. ಕಾಕಾ ಶಾಮಿಯಾನದ ಕಂಬ, ಕುರ್ಚಿ, ಹಂಡೆಗಳನ್ನು ಎಲ್ಲಿಗೆ ಸಾಗಿಸಿದರೂ ಮುಂದಿನ ಸೀಟಿನಲ್ಲಿ ಕಾಕು ಹಾಜರು.

ನಾನೋ ಅಬಿಡ್ಸ್‌ನ ಗಲ್ಲಿಯೊಂದರಲ್ಲಿ ಸ್ಟೀಲ್ ಪಾತ್ರೆ ಮಾರಿ ಮೇಲೆ ಬಂದವನು. ಕೆಟ್ಟದ್ದನ್ನು ಕಂಡರೆ ಸಲಹೆ ಕೊಡದೆ ಇರಲಾರೆ.

“ಒಮ್ಮೆ ಸರಿಯಾಗಿ ರಿಪೇರಿ ಮಾಡಸ್ರಿ ಕಾಕಾ.”

“ಸ್ವಭಾವ ರಿಪೇರಿ ಆಗತಾವೇನೋ ತಮ್ಮಾ? ನಿನ್ನ ಚೌಕಾಶಿ ರಿಪೇರಿ ಆಗೇತೇನು?”

ಇಂಥ ಕಾಕಾ ಈಚೆಗೆ ಒಂದು ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ನನ್ನ ಅಂಗಡಿಗೆ ಬಂದರು. ಟ್ರಕ್ಕಿನ ಕಾಗದಪತ್ರ ಹೊಸದು ಮಾಡಿಸುವ ಕಾಲ. ಅದಕ್ಕೆ ಮೊದಲು ಹೊಗೆ ಪರೀಕ್ಷೆ. ಸೈಲೆನ್ಸರಿಗೆ ಕೊಳವೆ ತೂರಿಸುತ್ತಾರೆ. ಆಗ ಆಕ್ಸಿಲರೇಟರ್ ಮುಟ್ಟದೆ ಇಂಜಿನ್ನು ನಿಂತಲ್ಲೇ ಸದ್ದಿಲ್ಲದೆ ಓಡುತ್ತಿರಬೇಕು. ಓಡದಿದ್ದರೆ ಸರ್ಟಿಫಿಕೇಟಿಲ್ಲ, ಸರ್ಟಿಫಿಕೇಟಿಲ್ಲದಿದ್ದರೆ ಟ್ರಕ್ಕು ಗುಜರಿಗೆ! ಹಿಂದೆಲ್ಲ ಪರೀಕ್ಷೆಯ ದಿನ ಮಾತ್ರ ಅದು ಹೇಗೋ ಜಾಣಮರಿಯಂತೆ ನಿಂತಲ್ಲೇ ಓಡುತ್ತಿತ್ತು. ಹೇಗೆ ಎಂದು ನಾನು ಕೇಳಿರಲಿಲ್ಲ. ಈ ಸಲ ಓಡುತ್ತಿಲ್ಲವಂತೆ.

“ಏನ್ ಮಾಡಿದ್ರೂ ನಿಂತಲ್ಲೆ ಓಡವಲ್ದೊ ತಮ್ಮಾ! ನಿಮ್ಮ ಕಾಕು ಬರೂದ್ರೊಳಗ ಗಾಡಿ ಹೋದ್ರ ಆಕಿಗೆ ಏನಂತ ಮಾರಿ ತೋರಸ್ಲಿ?”

ಕಾಕು ತಮ್ಮನ ಮಗಳ ಮದುವೆಗೆಂದು ರಾಯಚೂರಿಗೆ ಹೋಗಿದ್ದರು. ಡ್ಯೂಟಿ ನನ್ನ ತಲೆಗೆ ಬಂತು. ಉಪ್ಪಲ್‌ನ ಪೆಟ್ರೋಲ್ ಬಂಕಿನ ಬಳಿ ನಿಂತಿರುವ ಪರೀಕ್ಷೆಯ ವ್ಯಾನಿನವರೆಗೆ ಎಷ್ಟು ಸಿಗ್ನಲ್ಲುಗಳು! ಒಂದೊಂದರಲ್ಲೂ ನಾನು ಎರಡೂ ಕೈಯಲ್ಲಿ ಬ್ರೇಕಿಗೆ ಜೋತುಬಿದ್ದು, ಮುಂದಿನ ಕಾರಿನ ಹೊಳೆಯುವ ಬೆನ್ನನ್ನೇ ನೋಡುತ್ತ, ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕಾಕು ಇದನ್ನು ಸೆರಗು ಜಾರದಂತೆ ಒಂದೇ ಕೈಯಲ್ಲಿ ಮಾಡುತ್ತಿದ್ದರಲ್ಲ, ಹೇಗೆ?

ಉಪ್ಪಲ್‌ನಲ್ಲಿ ಕೊಳವೆ ಒಳಗೆ ಹೋಯಿತು. ಕಾಕಾ ಕಾಲು ತೆಗೆದರು. ಬಂದ್! ಮತ್ತೆ ಚಾಲೂ, ಮತ್ತೆ ಬಂದ್!

ವ್ಯಾನಿನವನು ಕೂಗಿದ: “ಚಾಚಾ, ಬಂದ್ ನಕ್ಕೋ ಕರೋ!”

“ನಾ ಎಲ್ಲಿ ಬಂದ್ ಮಾಡಾಕತ್ತೀನೊ? ಅದು ತಾನ ಆಗಾಕತ್ತೈತಿ!”

ಕಾಗದಪತ್ರದ ಗಡುವಿಗೆ ಉಳಿದಿದ್ದುದು ಮರುದಿನ ಮಾತ್ರ. ಅಲ್ಲೇ ಹತ್ತಿರದ ಗ್ಯಾರೇಜಿಗೆ ಹೋದೆವು. ನಿಮಗೊಂದು ಸಲಹೆ: ಮೆಕ್ಯಾನಿಕ್ಕಿನ ಮುಂದೆ ಎಂದೂ ಅವಸರ ತೋರಿಸಬೇಡಿ. ಆಕಳಿಸಿ, ಎದುರಿನ ಗ್ಯಾರೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿ, ಆಮೇಲೆ ರೇಟು ಕೇಳಿ. ನಾನು ಸೊಗಸಾಗಿ ಆಕಳಿಸುತ್ತಿರುವಾಗಲೇ ಕಾಕಾ ಟ್ರಕ್ಕಿನಿಂದ ಧುಮುಕಿದರು.

“ನಾಳಿ ಕಡೀ ದಿನ ಐತೆಪಾ! ಎಷ್ಟರ ತೊಗೊ, ಬದುಕಸು!”

ಮುಗಿಯಿತಲ್ಲ ನನ್ನ ವ್ಯಾಪಾರ! ಮೆಕ್ಯಾನಿಕ್ಕು ಸಾವಕಾಶವಾಗಿ ಚಹಾ ತರಿಸಿದ. ಪ್ಲಗ್ಗು ಉಜ್ಜಿದ, ಗಾಳಿಯ ಪೈಪು ಎಲ್ಲಾದರೂ ಸೀಳಿದೆಯೇ ಎಂದು ಸವರಿ ನೋಡಿದ. ಊಹೂಂ. ಕೊನೆಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನೇ ಬಿಚ್ಚಿದ. ಒಳಗೆ ಹಳದಿ ಕೆಸರು!

ಬೆರಳಿಗೆ ಹಚ್ಚಿಕೊಂಡು ಮೂಸಿದ. “ಚಾಚಾ, ಪೆಟ್ರೋಲ್ ಡಾಲೇ ಯಾ ಖಟ್ಟೀ ದಾಲ್?”

ಹಾಕಿದ್ದು ಪೆಟ್ರೋಲೋ ಹುಳಿಬೇಳೆಯೋ ಎಂಬ ಪ್ರಶ್ನೆಗೆ ಕಾಕಾ ನೆಲ ನೋಡಿದರು. “ಭಂಡಾರ...”

ಭಂಡಾರವೆಂದರೆ ಪೂಜೆಯ ಅರಿಶಿನಪುಡಿ. ಕಳೆದ ಸಲ ಪರೀಕ್ಷೆ ಮಾಡಿದವನು ‘ಮುಂದಿನ ಸಲ ಕಷ್ಟ’ ಎಂದಿದ್ದನಂತೆ. ಆ ಭಯಕ್ಕೆ ಕಾಕಾ ಅಮಾವಾಸ್ಯೆಯ ಪೂಜೆಯಲ್ಲಿ ಏರ್ ಫಿಲ್ಟರಿನ ಮುಚ್ಚಳ ತೆಗೆದು ಒಂದು ಮುಷ್ಟಿ ಒಳಗೇ ಸುರಿದಿದ್ದರು!

“ಹೊರಗ ಹಚ್ಚಿದ್ದು ಮಳಿಗೆ ತೊಳದ ಹೋಗತೈತಿ. ಒಳಗ ಹಾಕಿದ್ರ ಸೀದಾ ಎದಿಗೆ ಮುಟ್ಟತೈತಿ ಅಂತ...”

“ಮುಟ್ಟೇತ್ರಿ ಕಾಕಾ, ಮುಟ್ಟೇ ಎದಿ ನಿಂತೈತಿ!”

ಕಾಲು ಒತ್ತಿದಾಗ ಪೆಟ್ರೋಲು ದೊಡ್ಡ ದಾರಿಯಿಂದ ಬರುತ್ತದಂತೆ, ಕಾಲು ತೆಗೆದಾಗ ಸೂಜಿಮೊನೆಯಷ್ಟು ತೂತಿನಿಂದ. ಅರಿಶಿನ ಹೋಗಿ ಕೂತಿದ್ದು ಆ ತೂತಿನಲ್ಲೇ. ತೊಳೆದು, ಗಾಳಿ ಊದಿ, ಜೋಡಿಸಿಕೊಟ್ಟ.

ಮರುದಿನ ಕೊಳವೆ ಮತ್ತೆ ಒಳಗೆ ಹೋದಾಗ ನಾನು ಕಣ್ಣು ಮುಚ್ಚಿದೆ. ಕಾಕಾ ಕಾಲು ತೆಗೆದ ಸದ್ದಾಯಿತು. ಇಂಜಿನ್ನು ಒಮ್ಮೆ ತಡವರಿಸಿತು. ನನ್ನ ಉಸಿರು ನಿಂತಿತು, ಇಂಜಿನ್ನು ನಿಲ್ಲಲಿಲ್ಲ! ಸರ್ಟಿಫಿಕೇಟು ಕೈಗೆ ಬರುತ್ತಲೇ ಕಾಕಾ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಹಳದಿ ಕಂಡದ್ದೇ ತಡ, ಅವರ ಕೈ ಹಿಡಿದುಕೊಂಡೆ.

ಅಲ್ಲಿಂದ ಸೀದಾ ಲಿಂಗಂಪಲ್ಲಿ ಸ್ಟೇಷನ್ನಿಗೆ. ರಾಯಚೂರಿನ ರೈಲಿನಲ್ಲಿ ಕಾಕು ಬರುವವರಿದ್ದರು. ಎಂಥ ಸಿಗ್ನಲ್ಲಿನಲ್ಲೂ ಟ್ರಕ್ಕು ಬೆಕ್ಕಿನಂತೆ ಗುರುಗುಟ್ಟುತ್ತ ನಿಂತಿತು. ನನ್ನ ಕೈಗೆ ಕೆಲಸವೇ ಇಲ್ಲ! ಕಾಕಾ ಮಾತ್ರ ದಾರಿಯುದ್ದಕ್ಕೂ ಮಂಕಾಗಿದ್ದರು. ಸ್ಟೇಷನ್ನಿನ ಹೊರಗೆ ನಿಲ್ಲಿಸಿದವರೇ ಸೀಟಿನ ಕೆಳಗಿಂದ ಸ್ಕ್ರೂಡ್ರೈವರ್ ತೆಗೆದು, ಬಾನೆಟ್ ಎತ್ತಿ, ಓಡುತ್ತಿದ್ದ ಇಂಜಿನ್ನಿನ ಒಂದು ಸ್ಕ್ರೂ ಸಡಿಲಿಸಿದರು. ಬಿಕ್ಕಿತು, ಮೈಕೊಡವಿತು, ಬಂದ್!

“ಅಯ್ಯ ಕಾಕಾ! ಏನ್ ಮಾಡಾಕತ್ತೀರಿ?”

“ಚೀರಬ್ಯಾಡೊ. ಲಗ್ನ ಆದ ಹೊಸ್ತಾಗ ಆಕಿ ನನ್ನ ಬಾಜೂಕ ಕುಂತು ಊರು ನೋಡ್ತೀನಂದ್ರ ನಮ್ಮವ್ವ ಬಿಡ್ತಿದ್ಲೇನು? ಗಾಡಿ ಬಂದ್ ಬೀಳತೈತಿ, ಬ್ರೇಕ್ ಹಿಡಿಯಾಕ ಒಬ್ರು ಬೇಕು ಅಂದೆ. ಕೆಲಸ ಅಂದಕೂಡ್ಲೆ ಹೂಂ ಅಂದ್ಲು.”

“ಅಜ್ಜಿ ಹೋಗಿ ಎಷ್ಟ್ ಕಾಲ ಆತ್ರಿ!”

“ಈಗ ಇಕಿ ಹಂಗ ಆಗ್ಯಾಳ. ಸುಮ್ನ ಬಾ ಅಂದ್ರ ಮನ್ಯಾಗ ಕೆಲಸ ಐತಿ ಅಂತಾಳ. ಬ್ರೇಕಿಗೆ ಬಾ ಅಂದ್ರ, ಸೀರಿ ಬದ್ಲಿ ಮಾಡ್ಕೊಂಡು ನನಕಿಂತ ಮೊದಲ ಏರಿ ಕುಂದರ್ತಾಳ.”

ಪರೀಕ್ಷೆಯ ದಿನ ಬಿಗಿ, ಮರುದಿನ ಸಡಿಲ! ಪಾತ್ರೆಯ ತಳ ಬಡಿದು ಸದ್ದಿನಲ್ಲೇ ದಪ್ಪ ಹೇಳುವ ನಾನು ಇಷ್ಟು ವರ್ಷ ಇದೇ ಟ್ರಕ್ಕಿನ ರಿಪೇರಿಗೆ ಸಲಹೆ ಕೊಡುತ್ತಿದ್ದೆ.

ಅಷ್ಟರಲ್ಲಿ ಕಾಕು ಗಂಟು ಹಿಡಿದು ಬಂದರು. ನಾನು ಹಿಂದೆ, ಕಂಬಗಳ ನಡುವೆ ಹತ್ತಿ ಕೂತೆ.

“ರಿಪೇರಿ ಆತೇನ್ರಿ?”

“ಎಲ್ಲೀದು! ಹಂಗ ಐತಿ.”

ಗಡಿಬಿಡಿಯಲ್ಲಿ ಕಾಕಾ ಸ್ಕ್ರೂಡ್ರೈವರನ್ನು ಸೀಟಿನ ಮೇಲೇ ಬಿಟ್ಟಿದ್ದರು. ಹಿಂದಿನ ಗಾಜಿನಿಂದ ನಾನು ನೋಡುತ್ತಲೇ ಇದ್ದೆ. ಕಾಕು ಅದನ್ನು ಎತ್ತಿಕೊಂಡರು, ತುದಿಯ ಗ್ರೀಸನ್ನು ಚಿಂದಿಯಿಂದ ಒರೆಸಿದರು, ಬಗ್ಗಿಯೂ ನೋಡದೆ ಸೀಟಿನ ಕೆಳಗೆ ಅದರ ಜಾಗಕ್ಕೇ ಸೇರಿಸಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟರು.

“ಹೊರಡ್ರಿ. ಮುಂದ ಕೆಂಪ ದೀಪ ಐತಿ.”