ವೀವಾ ಚಾನೆಲ್‌ನ ಮೊದಲ ದಿನ

ಎವಾರಿಸ್ತೊನ ಕಷ್ಟವೆಲ್ಲ ಒಂದು ಹಳದಿ ಟೈನಿಂದ ಶುರುವಾಯಿತು.

ಬೆಳಿಗ್ಗೆ ಅವನು ಸ್ಟುಡಿಯೋಗೆ ಬಂದಾಗ ಅದು ಅವನ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ಮೊಟ್ಟೆಯ ಹಳದಿ ಬಣ್ಣ, ಮೇಲೆಲ್ಲ ಪುಟ್ಟ ಬಲೂನುಗಳು. ಇಪ್ಪತ್ತೇಳು ವರ್ಷ ಅದೇ ಕುರ್ಚಿಯಲ್ಲಿ ಕಪ್ಪು ಟೈ ಕಟ್ಟಿ ಕೂತವನು ಅದನ್ನು, ಯಾರೋ ಮರೆತುಹೋದ ಹಲ್ಲಿನ ಸೆಟ್ಟನ್ನು ಎತ್ತುವವನಂತೆ, ಎರಡೇ ಬೆರಳಲ್ಲಿ ಎತ್ತಿದ.

"ಕಟ್ಕೊಳ್ಳಿ, ದೋನ್ ಎವಾರಿಸ್ತೊ," ಎಂದ ಚಾನೆಲ್‌ನ ಹೊಸ ಮಾಲೀಕ ಗಾಸ್ಪರ್; ಆ ಊರಿನಲ್ಲಿ ಹಿರಿಯರಿಗೆ ದೋನ್, ಹಿರಿಯಳಾದರೆ ದೋನ್ಯಾ. "ಇವತ್ತಿಂದ ನಾವು ಶಾಂತಿ ಚಾನೆಲ್ ಅಲ್ಲ. ವೀವಾ. ಬಾಳಲಿ, ಬದುಕಲಿ."

ಶಾಂತಿ ಚಾನೆಲ್ ಆ ನದಿ ದಂಡೆಯ ಊರಿನ ಕೇಬಲ್ಲಿನಲ್ಲಿ ಒಂಬತ್ತನೇ ನಂಬರು. ಶವಸಂಸ್ಕಾರದ ಕಂಪನಿ ನಡೆಸುತ್ತಿದ್ದ ಗಾಸ್ಪರನ ಚಿಕ್ಕಪ್ಪ ಅದನ್ನು ಹುಟ್ಟುಹಾಕಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಸಾವಿನ ಸುದ್ದಿ, ಆಮೇಲೆ ಚರ್ಚಿನ ಪೂಜೆ, ಆಮೇಲೆ ತೀರಿಕೊಂಡು ವರ್ಷ ತುಂಬಿದವರ ಫೋಟೋಗಳು. ನಡುವೆ ಹರಿಯುವ ನದಿಯ ಚಿತ್ರ, ಆರ್ಗನ್ ಸಂಗೀತ. ಆ ಊರಿನಲ್ಲಿ ಇಂದು ತೀರಿಕೊಂಡವರನ್ನು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮಣ್ಣು ಮಾಡುತ್ತಾರೆ. ಪತ್ರಿಕೆ ಬರುವುದು ಗುರುವಾರ ಮಾತ್ರ. ಹಾಗಾಗಿ ಮಧ್ಯಾಹ್ನ ಊರಿಗೆ ಊರೇ ಒಂಬತ್ತನೇ ನಂಬರಿಗೆ ತಿರುಗುತ್ತಿತ್ತು. ಕೇಳುವುದಕ್ಕಲ್ಲ. ಅಡುಗೆಮನೆಯಲ್ಲಿ ಎಣ್ಣೆ ಚುರುಗುಟ್ಟುತ್ತಿರುತ್ತಿತ್ತು, ಬಾರಿನಲ್ಲಿ ಟಿ.ವಿ.ಯ ಸದ್ದು ಆರಿಸಿಯೇ ಇರುತ್ತಿತ್ತು. ಎವಾರಿಸ್ತೊನ ಮುಖ, ಪಕ್ಕದಲ್ಲಿ ಒಂದು ಫೋಟೋ, ಕೆಳಗೊಂದು ಹೆಸರು. ಅಷ್ಟು ನೋಡಿದರೆ ಸಾಕು, ಕಪ್ಪು ಬಟ್ಟೆ ಇಸ್ತ್ರಿಗೆ ಹೋಗುತ್ತಿತ್ತು.

ಚಿಕ್ಕಪ್ಪ ಹೋದ ಚಳಿಗಾಲದಲ್ಲಿ ತೀರಿಕೊಂಡ. ಅದನ್ನೂ ಎವಾರಿಸ್ತೊನೇ ಓದಿದ. ಚಾನೆಲ್ ಗಾಸ್ಪರನ ಕೈಗೆ ಬಂತು. ರೊಸಾರಿಯೊ ನಗರದಿಂದ ಬಂದ ಅವನು ಮೊದಲು ಮಾಡಿದ್ದು ಒಂದು ಸಮೀಕ್ಷೆ.

"ನಮ್ಮ ಪ್ರೇಕ್ಷಕರ ವಯಸ್ಸು ಸರಾಸರಿ ಎಪ್ಪತ್ತೊಂದು," ಎಂದಿದ್ದ. "ಅವರು ಸ್ವಲ್ಪ ದಿನ ನಮ್ಮ ಚಾನೆಲ್ ನೋಡ್ತಾರೆ, ಆಮೇಲೆ ಒಂದ್ಸಲ ನಮ್ಮ ಚಾನೆಲ್‌ನಲ್ಲಿ ಬರ್ತಾರೆ, ಆಮೇಲೆ ನೋಡೋದೇ ಇಲ್ಲ. ಹೀಗಾದ್ರೆ ಹೇಗೆ ಹೇಳಿ? ನಮಗೆ ಎಲ್ಲರೂ ಬೇಕು. ಮಕ್ಕಳೊಂದಿಗರು, ಹುಡುಗೀರು, ಆರೋಗ್ಯವಾಗಿರೋರು."

ಸಾವಿನ ಸುದ್ದಿ ರದ್ದಾಯಿತು. ಆ ಹೊತ್ತಿಗೆ ಇನ್ನು ಹುಟ್ಟುಹಬ್ಬದ ಶುಭಾಶಯ.

ಎವಾರಿಸ್ತೊ ಟೈ ಕಟ್ಟಿದ. ಅವನ ಚಿಂತೆ ಕೆಲಸದ್ದಲ್ಲ, ಅಣ್ಣ ಫೆರ್ಮಿನ್‌ನದು.

ಫೆರ್ಮಿನ್‌ಗೆ ಎಪ್ಪತ್ತಾರು. ಮದುವೆಯಾಗಿರಲಿಲ್ಲ; ತಮ್ಮನ ಜೊತೆಗೇ ಇದ್ದ. ಮಾತು ಕಡಿಮೆ, ಭುಜ ಅಗಲ. ನಲವತ್ತು ವರ್ಷ ಆ ಊರಿನಲ್ಲಿ ಯಾರು ಸತ್ತರೂ ಶವಪೆಟ್ಟಿಗೆಯ ಮುಂದಿನ ಎಡಗಡೆಯ ಹಿಡಿ ಅವನದು. ಗುರುತಿದ್ದವರು, ಇಲ್ಲದವರು, ಜಗಳವಾಡಿದವರು, ಎಲ್ಲರನ್ನೂ ಹೊತ್ತ. ಈಗ ಎರಡು ತಿಂಗಳಿಂದ ಅವನ ಹೃದಯ ಸೋತಿತ್ತು. ಊರಿಗೆ ಮಾತ್ರ "ಸೊಂಟ ಹಿಡ್ಕೊಂಡಿದೆ" ಎಂದು ಹೇಳಿಸಿದ್ದ. ನೋಡಲು ಬಂದವರನ್ನು ಬಾಗಿಲಿನಿಂದಲೇ ಓಡಿಸುತ್ತಿದ್ದ. ತಮ್ಮನ ಹತ್ತಿರ ಕೇಳಿದ್ದು ಒಂದೇ.

"ನನ್ನ ಹೆಸರು ನೀನೇ ಓದ್ಬೇಕು. ಟಿ.ವಿ.ಲಿ ಬಂದ್ರೆ ಜನ ಬರ್ತಾರೆ. ಇಲ್ದಿದ್ರೆ ಕಂಪನಿಯ ಕೂಲಿಯವರು ಹೊರ್ತಾರೆ, ಸೋಫಾ ಸಾಗಿಸಿದ ಹಾಗೆ. ನನಗೆ ಅದು ಬೇಡ."

"ಓದ್ತೀನಿ ಕಣೋ."

"ಇನ್ನೂ ಓದ್ತಾ ಇದೀಯ ತಾನೇ?"

ಈ ಪ್ರಶ್ನೆಗೆ ಇವತ್ತು ಬೆಳಿಗ್ಗೆಯೂ ಎವಾರಿಸ್ತೊ "ಹೂಂ" ಎಂದೇ ಹೇಳಿ ಬಂದಿದ್ದ. ಸಮಯ ನೋಡಿ ಗಾಸ್ಪರನನ್ನು ಒಪ್ಪಿಸಿದರಾಯಿತು, ಅಲ್ಲಿಯವರೆಗೆ ಅಣ್ಣನಿಗೆ ಗೊತ್ತಾಗದಿದ್ದರಾಯಿತು ಎಂದು ಅವನ ಲೆಕ್ಕ.

ಹನ್ನೆರಡು ಹೊಡೆಯಿತು. ಗಾಸ್ಪರ್ ಕ್ಯಾಮೆರಾದ ಹಿಂದೆ ನಿಂತು ಎರಡೂ ಕೈಯಿಂದ ತನ್ನ ಬಾಯಿಯ ಮೂಲೆಗಳನ್ನು ಮೇಲಕ್ಕೆಳೆದು ತೋರಿಸಿದ. ಎವಾರಿಸ್ತೊ ನಗಲು ನೋಡಿದ. ಹಲ್ಲುನೋವಿನವನು ಫೋಟೋಗೆ ನಿಂತ ಹಾಗಾಯಿತು.

"ದೋನ್ಯಾ ಹೆರ್ಮಿನಿಯ," ಎಂದು ಶುರುಮಾಡಿದ. "ಎಂಬತ್ತು ವರ್ಷ. ಮಕ್ಕಳು, ಮೊಮ್ಮಕ್ಕಳು, ಬಂಧುಬಳಗ..."

ಸ್ವರ ಅದೇ. ಬೇರೆ ಸ್ವರ ಅವನಲ್ಲಿ ಇರಲಿಲ್ಲ. ಹಿಂದೊಮ್ಮೆ ಕಳೆದುಹೋದ ಗಿಳಿಯ ಪ್ರಕಟಣೆ ಓದಿದಾಗಲೂ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡಿದ್ದರು. ಹೆರ್ಮಿನಿಯಳ ನಂತರ ಅಗ್ನಿಶಾಮಕ ದಳದ ನಾಯಕನ ಹೆಸರು ಓದಿ ಮುಗಿಸಿದ.

ಹನ್ನೆರಡೂವರೆಗೆ ಮೊದಲ ಹೂಚಕ್ರ ಹೆರ್ಮಿನಿಯಳ ಮನೆಗೆ ಬಂತು. 'ನಿಮ್ಮನ್ನು ಎಂದೂ ಮರೆಯೆವು. ಬೇಕರಿಯವರು.' ಅದರ ಹಿಂದೆ ಇನ್ನೂ ಹತ್ತು. ಅವುಗಳ ಹಿಂದೆ ಶವವಾಹನ. ಅತ್ತ ಅಗ್ನಿಶಾಮಕ ಠಾಣೆಯಲ್ಲಿ ನಾಯಕನ ಗೌರವಕ್ಕೆಂದು ಸೈರನ್ ಹಾಕಿದರು. ಸ್ನಾನ ಮಾಡುತ್ತಿದ್ದ ನಾಯಕ ಎಲ್ಲೋ ಬೆಂಕಿ ಬಿತ್ತೆಂದು ಹೆಲ್ಮೆಟ್ ಏರಿಸಿ ಠಾಣೆಗೆ ಓಡಿದ. ನೋಡಿದರೆ ಧ್ವಜ ಅರ್ಧಕ್ಕೆ ಇಳಿದಿದೆ, ಹುಡುಗರು ಸಾಲಾಗಿ ನಿಂತು ಅಳುತ್ತಿದ್ದಾರೆ. ಯಾರು ಹೋದರೆಂದು ಗೊತ್ತಾಗದೆ ಅವನೂ ಸಾಲಿನಲ್ಲಿ ನಿಂತ.

ಗಾಸ್ಪರ್ ಎವಾರಿಸ್ತೊನನ್ನು ಕ್ಷಮೆ ಕೇಳಲು ಅಟ್ಟಿದ. ಅವನು ತಲುಪಿದಾಗ ಹೆರ್ಮಿನಿಯಳ ಬಾಗಿಲಲ್ಲಿ ಶವವಾಹನದವನು ಕಾಗದ ಹಿಡಿದು ನಿಂತಿದ್ದ.

"ದೇಹ ಎಲ್ಲಿ, ಅಮ್ಮಾ?"

"ಇದೇ."

"ಸಹಿ ಯಾರು ಹಾಕ್ತಾರೆ?"

"ನಾನೇ ಹಾಕ್ಲಾ?" ಎಂದು ಕೇಳಿ ಹೆರ್ಮಿನಿಯ ಎವಾರಿಸ್ತೊನತ್ತ ತಿರುಗಿದಳು. "ಬಾಪ್ಪಾ. ನಿನ್ನ ಬಾಯಲ್ಲಿ ನನ್ನ ಹೆಸರು ಕೇಳಿ ನನಗೇ ಅನುಮಾನ ಬಂತು, ಗೊತ್ತಾ? ಕೈ ಮುಟ್ಟಿ ನೋಡ್ಕೊಂಡೆ."

"ಹುಟ್ಟುಹಬ್ಬ ಅಂತ ಹೇಳಿದೆ, ದೋನ್ಯಾ."

"ಹೇಳಿದೆ. ಯಾರು ಕೇಳಿದ್ರು? ನಿಮ್ಮ ಪಕ್ಕದ ಮನೆ ಅಸುಂತ ಹನ್ನೆರಡೂ ಹತ್ತಕ್ಕೇ ಬೀದಿ ಬೀದಿಲಿ ನಾನು ಹೋದೆ ಅಂತ ಸಾರಿಬಿಟ್ಟಿದ್ಳು. ಹೇಗೆ ಹೋದೆ ಅಂತಾನೂ ಹೇಳಿದ್ಳಂತೆ. ನಿದ್ದೇಲಂತೆ."

ಇನ್ನು ಮನೆಮನೆಗೆ ಹೋಗಿ ಹೇಳುವುದೊಂದೇ ದಾರಿ. ಆ ದೇಶದಲ್ಲಿ ಜನವರಿ ಎಂದರೆ ನಡುಬೇಸಿಗೆಯ ಬಿಸಿಲು. ಒಂದರಿಂದ ನಾಲ್ಕರವರೆಗೆ ಊರೆಲ್ಲ ಮಲಗುವ ಹೊತ್ತು. ಆಗ ಬಾಗಿಲು ತಟ್ಟುವುದು ಆ ಊರಿನಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು.

"ಸತ್ರೆ ಸತ್ಳು," ಎಂದ ಔಷಧಿ ಅಂಗಡಿಯವನು ಚಡ್ಡಿಯಲ್ಲೇ ಬಂದು. "ನಾಲ್ಕರ ಮೇಲೆ ಬಂದು ಹೇಳೋಕೇನಾಗಿತ್ತು?"

"ಸತ್ತಿಲ್ಲ ಅಂತ ಹೇಳೋಕೆ ಬಂದೆ."

"ಅದನ್ನಂತೂ ನಾಲ್ಕರ ಮೇಲೇ ಹೇಳ್ಬಹುದಿತ್ತು."

ಮಾಂಸದ ಅಂಗಡಿಯ ನಿಕಾನೊರ್ ಮಾತ್ರ ಮಲಗಿರಲಿಲ್ಲ. ಕಪ್ಪು ಸೂಟು ತೊಟ್ಟು, ಬೆವರುತ್ತಾ, ಕುರ್ಚಿಯ ತುದಿಯಲ್ಲಿ ಕೂತಿದ್ದ. ಪೆಟ್ಟಿಗೆಯ ಮುಂದಿನ ಬಲಗಡೆಯ ಹಿಡಿ ಅವನದು. ನಲವತ್ತು ವರ್ಷದಿಂದ ಫೆರ್ಮಿನ್‌ಗೆ ಜೋಡಿ.

"ಟೈ ಹಳದಿ ಕಾಣ್ತಿತ್ತು," ಎಂದ. "ಟಿ.ವಿ. ಕೆಟ್ಟಿದೆ ಅಂತ ಎರಡು ಏಟು ಕೊಟ್ಟೆ. ಈಗ ಪೂರ್ತಿ ಕೆಟ್ಟಿದೆ." ಸೂಟಿನ ಗುಂಡಿ ಬಿಚ್ಚಿದ. "ಹೂವಿಗೆ ಬೇರೆ ಹೇಳಿಬಿಟ್ಟಿದ್ದೆ. ಇರ್ಲಿ. ಫೆರ್ಮಿನ್ ಸೊಂಟ ಹೇಗಿದೆ?"

"ಹಾಗೇ ಇದೆ."

"ಬೇಗ ಎದ್ದೇಳೋಕೆ ಹೇಳು. ಅವನಿಲ್ದೆ ಪೆಟ್ಟಿಗೆ ಒಂದು ಕಡೆ ವಾಲುತ್ತೆ."

ತನ್ನ ಬೀದಿ ಹಾದುಹೋಗುವಾಗ ಎವಾರಿಸ್ತೊ ಒಂದು ಗಳಿಗೆ ನಿಂತ. ಒಳಗೆ ಹೋಗಿ ಅಣ್ಣನ ಮುಖ ನೋಡಿ ಬರಲೇ ಎನಿಸಿತು. ಅಸುಂತ ಮಧ್ಯಾಹ್ನ ಸೂಪು ಕೊಟ್ಟಿರುತ್ತಾಳೆ, ಮಲಗಿರುತ್ತಾನೆ, ಎಬ್ಬಿಸುವುದು ಬೇಡ ಎಂದುಕೊಂಡು ಮುಂದೆ ನಡೆದ. ಇನ್ನೂ ಏಳು ಬಾಗಿಲು ಬಾಕಿ ಇದ್ದವು.

ನಾಲ್ಕು ಗಂಟೆಗೆ ಸ್ಟುಡಿಯೋಗೆ ಮರಳಿದಾಗ ಅವನ ಬೂಟಿನೊಳಗೆ ಕಾಲು ಬೆಂದುಹೋಗಿತ್ತು. ದಾರಿಯಲ್ಲಿ ಅವನಿಗೊಂದು ಉಪಾಯ ಹೊಳೆದಿತ್ತು.

"ಜನ ನನ್ನ ಮಾತು ಕೇಳೋದಿಲ್ಲ, ಗಾಸ್ಪರ್. ನೋಡ್ತಾರೆ ಅಷ್ಟೆ. ಪರದೆ ಕೆಳಗೆ ಅಕ್ಷರದ ಪಟ್ಟಿ ಓಡಿಸು. ದೊಡ್ಡದಾಗಿ, ಕೆಂಪಲ್ಲಿ. ನಿಲ್ಲಿಸ್ಲೇಬೇಡ."

ಗಾಸ್ಪರ್‌ಗೆ ಅದು ಹಿಡಿಸಿತು. ಪಟ್ಟಿಯ ಮಾತು ಎವಾರಿಸ್ತೊನೇ ಬರೆದುಕೊಟ್ಟ: 'ಗಮನಿಸಿ. ದೋನ್ ಎವಾರಿಸ್ತೊ ತೋರಿಸುವವರೆಲ್ಲ ಬದುಕಿದ್ದಾರೆ. ಇಂದು ಅವರ ಹುಟ್ಟುಹಬ್ಬ. ದಯವಿಟ್ಟು ಹೂಚಕ್ರ ತರಬೇಡಿ, ಫೋನ್ ಮಾಡಿ ಹಾರೈಸಿ.'

ನಿದ್ದೆಯಿಂದ ಎದ್ದ ಊರು ಅದನ್ನು ಓದಿತು. ಬಾರಿನಲ್ಲಿ ಗಟ್ಟಿಯಾಗಿ ಓದಿ ನಕ್ಕರು. ಬೇಕರಿಯವರು ಹೂಚಕ್ರ ವಾಪಸು ತರಲು ಆಳು ಕಳಿಸಿದರು. ಎಷ್ಟು ಜನ ನೋಡುತ್ತಿದ್ದಾರೆಂದು ಎಣಿಸುವ ಯಂತ್ರ ನೋಡಿದ ಗಾಸ್ಪರ್ ಕುಣಿದುಬಿಟ್ಟ. ಸಂಜೆಯ ಹೊತ್ತು ಇಷ್ಟು ಜನ ಒಂಬತ್ತನೇ ನಂಬರು ನೋಡಿದ್ದು ಚಾನೆಲ್ ಹುಟ್ಟಿದ ಮೇಲೆ ಇದೇ ಮೊದಲು. ಎವಾರಿಸ್ತೊ ಟೈ ಸಡಿಲಿಸಿ ಒಂದು ಲೋಟ ನೀರು ಕುಡಿದ. ಐದು ಗಂಟೆಗೆ ಅವನಿಗೊಂದು ಫೋನು ಬಂತು. ಅಸುಂತ.

"ಎವಾರಿಸ್ತೊ, ಬೇಗ ಬಾ. ಇಲ್ಲ, ಬೇಗ ಬಂದು ಏನೂ ಆಗೋದಿಲ್ಲ. ಹಾಗೇ ಬಾ." ಅವಳು ಅಳುತ್ತಿದ್ದಳು. "ನಾನು ಸೂಪು ಕೊಟ್ಟಿದ್ದೆ. ಟಿ.ವಿ. ನೋಡ್ತಿದ್ದ. ಹೆರ್ಮಿನಿಯ ಹೋದ್ಳು ಅಂತ ನಾನು ಓಡಿದೆ, ನಾಲ್ಕು ಮನೆಗೆ ಹೇಳಿ ಬರೋಣ ಅಂತ. ಆಮೇಲೆ ಮನೆಗೆ ಹೋಗಿ ಮಲಗಿಬಿಟ್ಟೆ. ಈಗ ಬಂದು ನೋಡಿದ್ರೆ ಮಂಚದ ಪಕ್ಕದಲ್ಲಿ... ಕಪ್ಪು ಸೂಟು ಹಾಕ್ಕೊಂಡಿದ್ದಾನೆ, ಎವಾರಿಸ್ತೊ. ಟೈನೂ ಕಟ್ಟಿದ್ದಾನೆ. ಒಂದು ಕಾಲಿಗೆ ಬೂಟು."

ಹೆರ್ಮಿನಿಯಳನ್ನು ಹೊರಲು ಎದ್ದಿದ್ದ.

ಎವಾರಿಸ್ತೊ ಫೋನು ಕೆಳಗಿಟ್ಟ. ಬಾಗಿಲು ತಟ್ಟಿದ ಮನೆಗಳನ್ನು ಮನಸ್ಸಿನಲ್ಲೇ ಎಣಿಸಿದ. ಹತ್ತೊಂಬತ್ತು. ಊರಲ್ಲಿ ಯಾರೂ ಸತ್ತಿಲ್ಲವೆಂದು ಹತ್ತೊಂಬತ್ತು ಬಾಗಿಲಿಗೆ ಹೇಳಿ, ಒಂದು ಬಾಗಿಲಿಗೆ ಹೇಳಿರಲಿಲ್ಲ.

ಆಮೇಲೆ ಎದ್ದು ಗಾಸ್ಪರನ ಮುಂದೆ ನಿಂತ.

"ನನಗೊಂದು ನಿಮಿಷ ಕೊಡು. ಒಂದೇ. ನನ್ನ ಅಣ್ಣನದು ಓದ್ಬೇಕು."

ಗಾಸ್ಪರ್ ಕೆಟ್ಟವನಲ್ಲ. ಅವನ ಮುಖ ಸಪ್ಪಗಾಯಿತು. "ತಗೊಳ್ಳಿ, ದೋನ್ ಎವಾರಿಸ್ತೊ. ಎಷ್ಟು ಬೇಕೋ ತಗೊಳ್ಳಿ," ಎಂದ. ಫೆರ್ಮಿನ್‌ನ ಗುರುತಿನ ಚೀಟಿಯ ಫೋಟೋವನ್ನು ತಾನೇ ಪರದೆಗೇರಿಸಿ, ಕ್ಯಾಮೆರಾ ಹಚ್ಚಿ, ಗೌರವಕ್ಕೆಂದು ತಲೆ ತಗ್ಗಿಸಿ ಹೊರಗೆ ಹೋಗಿ ನಿಂತ.

ಆರು ಗಂಟೆಗೆ ಎವಾರಿಸ್ತೊ ಓದಿದ. ಇಪ್ಪತ್ತೇಳು ವರ್ಷದಲ್ಲಿ ಅಷ್ಟು ಚೆನ್ನಾಗಿ ಎಂದೂ ಓದಿರಲಿಲ್ಲ. ಅಣ್ಣನ ಹೆಸರು, ವಯಸ್ಸು, ಮನೆಯ ನಂಬರು, ನಾಳೆ ಬೆಳಿಗ್ಗೆ ಒಂಬತ್ತು ಗಂಟೆ. 'ಆರು ಜನ ಬೇಕು' ಎಂದ ಕೊನೆಗೆ. ಹಾಗೆ ಕೇಳುವುದು ವಾಡಿಕೆಯಲ್ಲ. ಆದರೂ ಕೇಳಿದ.

ಮನೆಗೆ ಬಂದಾಗ ಕಂಪನಿಯವರು ಫೆರ್ಮಿನ್‌ನನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಬಟ್ಟೆ ಬದಲಿಸುವ ಕೆಲಸವಿರಲಿಲ್ಲ. ಇನ್ನೊಂದು ಬೂಟು ಹಾಕಿದ್ದರು, ಅಷ್ಟೆ. ಎವಾರಿಸ್ತೊ ಮನೆಯಲ್ಲಿದ್ದ ಕುರ್ಚಿಗಳನ್ನೆಲ್ಲ ಗೋಡೆಗೆ ಸಾಲಾಗಿ ಇಟ್ಟ. ಅಸುಂತಳ ಮನೆಯಿಂದ ಇನ್ನೂ ಎಂಟು ತಂದ. ದೊಡ್ಡ ಪಾತ್ರೆಯಲ್ಲಿ ಕಾಫಿ ಇಟ್ಟ. ಬಾಗಿಲು ತೆರೆದ. ಹೊರಗೆ ಬಿಸಿಲು ಇನ್ನೂ ಇತ್ತು. ಯಾರೂ ಬರಲಿಲ್ಲ.

ಏಳು ಗಂಟೆಗೆ ಫೋನು ಬಂತು. ಔಷಧಿ ಅಂಗಡಿಯವನು.

"ಫೆರ್ಮಿನ್‌ಗೆ ಶುಭಾಶಯ ಹೇಳಪ್ಪ. ನೂರು ವರ್ಷ ಬಾಳ್ಲಿ."

"ಏನಂದ್ರಿ?"

"ಟಿ.ವಿ.ಲಿ ನೋಡಿದೆ. ಪಟ್ಟಿಲಿ ಹಾಕಿದ್ರಲ್ಲ, ಬದುಕಿದ್ದಾರೆ ಅಂತ."

ಕ್ಯಾಮೆರಾದ ಮುಂದೆ ಕೂತವನಿಗೆ ಪರದೆ ಕಾಣುವುದಿಲ್ಲ. ಪಟ್ಟಿಯನ್ನು ನಿಲ್ಲಿಸಬೇಕೆಂದು ಗಾಸ್ಪರ್‌ಗೂ ನೆನಪಾಗಿರಲಿಲ್ಲ, ಎವಾರಿಸ್ತೊಗೂ ನೆನಪಾಗಿರಲಿಲ್ಲ. ನಿಲ್ಲಿಸ್ಲೇಬೇಡ ಎಂದವನು ಅವನೇ.

"ಇಲ್ಲ, ಅವನು ತೀರ್ಕೊಂಡ. ನಿಜವಾಗ್ಲೂ."

ಅತ್ತ ಕಡೆಯವನು ನಕ್ಕ. "ಒಂದೇ ದಿನ ಎರಡು ಸಲ ಮೋಸ ಹೋಗ್ತೀವಾ? ಮಧ್ಯಾಹ್ನ ನನ್ನ ನಿದ್ದೆ ಕೆಡಿಸಿ ನೀನೇ ಹೇಳಿ ಹೋದೆಯಲ್ಲ, ನೀನು ತೋರಿಸಿದವರು ಸಾಯಲ್ಲ ಅಂತ."

ಅಸುಂತ ಬೀದಿಗೆ ಓಡಿದಳು. ಅರ್ಧ ಗಂಟೆಯಲ್ಲಿ ಮರಳಿ ಬಂದಳು. "ನನ್ನ ಮಾತು ಯಾರೂ ನಂಬ್ತಿಲ್ಲ," ಎಂದಳು. "ಇವನೂ ನಿದ್ದೇಲೇ ಹೋದ್ನಾ ಅಂತ ಕೇಳ್ತಾರೆ. ಬಾಗಿಲಲ್ಲಿ ಶವವಾಹನ ನಿಂತಿದೆ ಬನ್ನಿ ಅಂದ್ರೆ, ಹೆರ್ಮಿನಿಯ ಬಾಗಿಲಲ್ಲೂ ನಿಂತಿತ್ತಲ್ಲ ಅಂತಾರೆ." ಅವಳು ಸಾಲು ಕುರ್ಚಿಗಳಲ್ಲಿ ಒಂದರ ಮೇಲೆ ಕೂತಳು.

ಫೋನು ಬರುತ್ತಲೇ ಇತ್ತು. ಬೇಕರಿ, ಬಾರು, ಅಗ್ನಿಶಾಮಕ ಠಾಣೆ. ಇಷ್ಟು ಜನಕ್ಕೆ ಫೆರ್ಮಿನ್ ಬೇಕಾದವನೆಂದು ಎವಾರಿಸ್ತೊಗೆ ಗೊತ್ತಿರಲಿಲ್ಲ. ಮೊದಲ ಐದಾರು ಜನಕ್ಕೆ ತಿದ್ದಿ ಹೇಳಿದ. ಆಮೇಲೆ "ಹೇಳ್ತೀನಿ" ಎನ್ನತೊಡಗಿದ. ಕಂಪನಿಯವನು ಬಾಗಿಲಿಂದ ಇಣುಕಿ, ಬೆಳಿಗ್ಗೆಗೆ ಹೊರುವವರು ನಮ್ಮವರೇ ತಾನೇ ಎಂದು ಕೇಳಿದ. ಎವಾರಿಸ್ತೊ ಖಾಲಿ ಕುರ್ಚಿಗಳತ್ತ ನೋಡಿ ಹೌದೆಂದು ತಲೆಯಾಡಿಸಿದ.

ಕೊನೆಗೆ ನಿಕಾನೊರ್ ಫೋನು ಮಾಡಿದ.

"ನನ್ನ ಟಿ.ವಿ. ಕೆಟ್ಟಿದೆಯಲ್ಲ, ಬಾರಲ್ಲಿ ಹೇಳಿದ್ರು. ಹುಟ್ಟುಹಬ್ಬ ಅಂತ ಒಂದು ದಿನವಾದ್ರೂ ಹೇಳಿದ್ದಾನಾ ನೋಡು, ನಲವತ್ತು ವರ್ಷದಲ್ಲಿ."

"ನಿಕಾನೊರ್, ನನ್ನ ಮಾತು ಕೇಳು. ಅವನು ಇಲ್ಲ."

"ಎಲ್ಲಿಗೆ ಹೋದ? ಸೊಂಟ ಸರಿಹೋಯ್ತಾ?"

"ಹೋಗಿಬಿಟ್ಟ ನಿಕಾನೊರ್. ಇಲ್ಲೇ ಇದಾನೆ. ಪೆಟ್ಟಿಗೇಲಿ."

"ಸಾಕು ಬಿಡಪ್ಪಾ, ಮಧ್ಯಾಹ್ನ ಸೂಟು ಹಾಕಿ ಬೆಂದಿದ್ದೀನಿ. ಮುದುಕಂಗೆ ಮಾತಾಡೋಕೆ ಇಷ್ಟ ಇಲ್ಲ ಅಂತ ಹೇಳು, ನಂಗೊತ್ತು ಅವನು. ಫೋನು ಅವನ ಕಿವಿಗೆ ಹಿಡಿ ಸಾಕು. ನಾನೇ ಹೇಳ್ತೀನಿ."

ಎವಾರಿಸ್ತೊ ಅಸುಂತಳ ಮುಖ ನೋಡಿದ. ಅವಳು ಕಣ್ಣು ಒರೆಸಿಕೊಂಡು ಆಚೆ ತಿರುಗಿದಳು. ಅವನು ಪೆಟ್ಟಿಗೆಯ ಪಕ್ಕದಲ್ಲಿ ಬಗ್ಗಿ ಫೋನನ್ನು ಅಣ್ಣನ ಕಿವಿಗೆ ಹಿಡಿದ. ಸಣ್ಣದಾಗಿ ಕೇಳಿಸುತ್ತಿತ್ತು.

"ಫೆರ್ಮಿನ್, ನಾನು ಕಣೋ. ಬೇಗ ಎದ್ದು ಓಡಾಡು. ಔಷಧಿ ಸರಿಯಾಗಿ ತಗೋ. ನನ್ನ ಪೆಟ್ಟಿಗೆ ಹಿಡಿಯೋಕೆ ನೀನಿರ್ಬೇಕು, ತಿಳೀತಾ? ಬೇರೆಯವರ ಕೈಲಿ ನಾನು ಹೋಗೋನಲ್ಲ."

ಎವಾರಿಸ್ತೊ ಫೋನನ್ನು ತನ್ನ ಕಿವಿಗೆ ತಂದುಕೊಂಡ.

"ಏನಂದ?" ಎಂದು ಕೇಳಿದ ನಿಕಾನೊರ್.

"ಏನೂ ಅನ್ನಲಿಲ್ಲ."

"ಅವನು ಯಾವತ್ತೂ ಹಾಗೇ," ಎಂದು ನಿಕಾನೊರ್ ನಗುತ್ತಾ ಫೋನಿಟ್ಟ.