ಶ್ರೀರಾಂಪುರದಿಂದ ಹಿಮದೋಟದ ನೇರಪ್ರಸಾರ

ಯೋಗೇಂದ್ರನ ಮನೆಯಲ್ಲಿ ಸದ್ದಿಲ್ಲದ ಕೋಣೆ ಎಂಬುದು ಇರಲಿಲ್ಲ. ಶ್ರೀರಾಂಪುರದ ಆ ಬಾಡಿಗೆ ಮನೆಯ ಎದುರಿಗೆ ರಸ್ತೆ, ಪಕ್ಕಕ್ಕೆ ಪ್ರೇಮಮ್ಮನವರ ಅಡುಗೆಮನೆ, ನೆತ್ತಿಯ ಮೇಲೆ ಮನೆ ಓನರ್ ಚಿಕ್ಕಣ್ಣ. ಜನವರಿಯ ಆ ಶನಿವಾರ ಸಂಜೆ ಅವನಿಗೆ ಎರಡು ಗಂಟೆ ಮೌನ ಬೇಕಿತ್ತು. ನಾಲ್ಕರ ಮೇಲೆ ಮಿಕ್ಸಿ ಹಾಕಬೇಡಿ, ಮೋಟರ್ ಹಾಕಬೇಡಿ, ನನ್ನ ನೇರಪ್ರಸಾರ ಇದೆ ಎಂದು ಬೆಳಿಗ್ಗೆಯೇ ಅಕ್ಕಪಕ್ಕದವರಿಗೆ ಕೈಮುಗಿದು ಬಂದ. ಹೇಳದೆ ಇದ್ದಿದ್ದರೆ ಮಿಕ್ಸಿಯ ಸದ್ದೊಂದೇ ಬರುತ್ತಿತ್ತು. ಹೇಳಿದ್ದರಿಂದ ಮಿಕ್ಸಿಯವರೇ ಬಂದರು.

ಯೋಗೇಂದ್ರ ಕಬಡ್ಡಿ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಡುವವನು. ನಂಜನಗೂಡು, ತಿ. ನರಸೀಪುರದ ಕಡೆ ಅವನು ಮೈಕ್ ಹಿಡಿದರೆ ಸಪ್ಪೆ ರೈಡಿಗೂ ಶಿಳ್ಳೆ ಬೀಳುತ್ತಿತ್ತು. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ ಈರುಳ್ಳಿ ಮಾರುವ ಆಟೋಗಳಿಗೆ ಕೂಗು ರೆಕಾರ್ಡ್ ಮಾಡಿಕೊಡುತ್ತಿದ್ದ. ಹೆಂಡತಿ ಭವ್ಯಶ್ರೀಯ ಅಣ್ಣ ದಿಲೀಪ್ ಇದನ್ನು ಕೆಲಸವೆಂದು ಒಪ್ಪಿರಲಿಲ್ಲ. ವಿಜಯನಗರದ ತನ್ನ ಟೈಲ್ಸ್ ಅಂಗಡಿಯಲ್ಲಿ ಒಂದು ಕುರ್ಚಿ ಖಾಲಿ ಇದೆ, ಸೋಮವಾರದಿಂದ ಬಂದು ಕೂರಲಿ ಎಂದು ತಂಗಿಗೆ ಹೇಳಿಕಳಿಸಿದ್ದ. ಅಷ್ಟರಲ್ಲಿ ಬೆಂಗಳೂರಿನ ಒಂದು ಕ್ರೀಡಾ ಆ್ಯಪಿನಿಂದ ಸ್ವರೂಪ್ ಎಂಬವನ ಫೋನ್ ಬಂತು. ಆಸ್ಟ್ರಿಯಾದ ಹಿಮದೋಟಕ್ಕೆ ಕನ್ನಡದಲ್ಲಿ ವಿವರಣೆ, ಮನೆಯಿಂದಲೇ. ಈ ಶನಿವಾರ ಪರೀಕ್ಷೆ. ಪಾಸಾದರೆ ವರ್ಷದ ಕಾಂಟ್ರ್ಯಾಕ್ಟ್. ಫೇಲಾದರೆ ಟೈಲ್ಸ್.

"ಸ್ಕೀಯಿಂಗ್ ನೋಡಿದೀರಾ ಸರ್?" ಎಂದು ಸ್ವರೂಪ್ ಕೇಳಿದ್ದಕ್ಕೆ ಯೋಗೇಂದ್ರ, "ನೋಡ್ದೆ ಇರ್ತೀನಾ" ಅಂದಿದ್ದ. ಅವನು ನೋಡಿದ್ದ ಹಿಮವೆಲ್ಲ ಫ್ರಿಜ್ಜಿನ ಮೇಲ್ಖಾನೆಯದು. ಅದನ್ನೂ ಭವ್ಯಶ್ರೀ ಚಮಚದಲ್ಲಿ ಕೆರೆದು ತೆಗೆಯುತ್ತಿದ್ದಳು.

ವಾರವಿಡೀ ಕೂತು ಓದಿದ. ಊರಿನ ಹೆಸರು ಕಿಟ್ಸ್‌ಬ್ಯೂಲ್. ಅದರ ಬೆಟ್ಟದಿಂದ ಇಳಿಯುವ ಹಾದಿಯ ಹೆಸರು ಸ್ಟ್ರೈಫ್. ಎರಡು ಚಾಮುಂಡಿ ಬೆಟ್ಟ ಪೇರಿಸಿದರೂ ಸಾಲದಷ್ಟು ಇಳಿತ. ಕಾಲಿಗೆ ಉದ್ದನೆಯ ಸ್ಕೀ ಪಟ್ಟಿ ಕಟ್ಟಿಕೊಂಡವರು ಅದನ್ನು ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಹೊರಟ ಕೂಡಲೇ ಸಿಗುವ ಪ್ರಪಾತಕ್ಕೆ ಇಲಿಬೋನು ಎಂದು ಹೆಸರು. ಆ ಬೆಟ್ಟದಲ್ಲಿ 1931ರಿಂದ ಪಂದ್ಯ ನಡೆಯುತ್ತಿದೆ. ಗೆದ್ದವರ ಹೆಸರನ್ನು ಅಲ್ಲಿನ ರೋಪ್‌ವೇ ಡಬ್ಬಿಗಳ ಮೇಲೆ ಬರೆಯುತ್ತಾರೆ, ನಮ್ಮಲ್ಲಿ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಗಳ ಹೆಸರು ಬರೆದ ಹಾಗೆ. ಯಾವ ವರ್ಷ ಯಾರು ಗೆದ್ದರು, ಯಾರು ಎಲ್ಲಿ ಉರುಳಿ ಮಂಡಿ ಮುರಿದುಕೊಂಡರು, ಎಲ್ಲ ಬಾಯಿಪಾಠವಾಯಿತು. ನಿದ್ದೆ ಮಾತ್ರ ಕೆಟ್ಟಿತು. ಕಣ್ಣು ಮುಚ್ಚಿದರೆ ಇಲಿಬೋನಿನೊಳಗೆ ಬೀಳುತ್ತಿದ್ದ. ಕೆಳಗೆ ಟೈಲ್ಸ್ ಹಾಸಿರುತ್ತಿತ್ತು.

ಶನಿವಾರ ಮಧ್ಯಾಹ್ನ ಕಿಟಕಿಗೆ ರಗ್ಗು ತುರುಕಿ, ಲ್ಯಾಪ್‌ಟಾಪಿನ ಮುಂದೆ ಕೂತ. ಅದರಲ್ಲಿ ಬರುವುದು ಬರೀ ಚಿತ್ರ, ಸದ್ದಿಲ್ಲ, ಬರಹವಿಲ್ಲ. ಏನೇ ಸೂಚನೆ ಇದ್ದರೂ ವಾಟ್ಸಾಪಿನಲ್ಲಿ ಕಳಿಸುತ್ತೇನೆ, ಫೋನ್ ಪಕ್ಕದಲ್ಲೇ ಇರಲಿ ಎಂದಿದ್ದ ಸ್ವರೂಪ್. ಮೂರೂ ಮುಕ್ಕಾಲಿಗೆ ಪ್ರೇಮಮ್ಮ ಒಂದು ಡಬರಿ ಬೋಂಡಾದೊಂದಿಗೆ ಬಂದು ಮಂಚದ ಮೇಲೆ ಕೂತರು. ತಾವು ಉಸಿರೂ ಬಿಡುವುದಿಲ್ಲವೆಂದು ಭರವಸೆ ಕೊಟ್ಟರು. ಹಿಂದೆಯೇ ಚಿಕ್ಕಣ್ಣ ಬಂದು, ಮನೆ ಓನರ್ ಆದ್ದರಿಂದ ಕುರ್ಚಿಯಲ್ಲಿ ಕೂತ. ನಾಲ್ಕಕ್ಕೆ ಮೈಕಿನ ಕೆಂಪು ದೀಪ ಹತ್ತಿತು. ಯೋಗೇಂದ್ರನ ಬನಿಯನ್ ಒದ್ದೆಯಾಗಿತ್ತು.

ಆದರೆ ಬಾಯಿ ಬಿಟ್ಟ ಮೇಲೆ ಎಲ್ಲ ಸಲೀಸಾಯಿತು. ಮೊದಲ ಮೂವರು ಓಟಗಾರರನ್ನು ಅವನು ತಾನೇ ಹೆಗಲ ಮೇಲೆ ಹೊತ್ತು ಇಳಿಸಿದ. ನಾಲ್ಕನೆಯವನು ಹೊರಡುವ ಹೊತ್ತಿಗೆ ಪರದೆ ಬೆಳ್ಳಗಾಯಿತು. ಬೆಟ್ಟವಿಲ್ಲ, ಮರವಿಲ್ಲ, ಮನುಷ್ಯನಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ.

"ಡಿಶ್ ತಿರುಗ್ಬುಟ್ಟದೆ ಕಣಪ್ಪ," ಎಂದ ಚಿಕ್ಕಣ್ಣ ಪಿಸುಮಾತಿನಲ್ಲಿ.

ಲ್ಯಾಪ್‌ಟಾಪಿಗೂ ಡಿಶ್‌ಗೂ ಸಂಬಂಧವಿಲ್ಲ ಎಂದು ಹೇಳಲು ಯೋಗೇಂದ್ರನಿಗೆ ಬಾಯಿ ಖಾಲಿ ಇರಲಿಲ್ಲ. ಬೇಡವೆಂದು ಜೋರಾಗಿ ತಲೆಯಾಡಿಸಿದ. ಒಪ್ಪಿಗೆ ಸಿಕ್ಕಿತೆಂದುಕೊಂಡ ಚಿಕ್ಕಣ್ಣ, ಕಸ್ಟಮರ್ ಕೇರಿಗೂ ಒಂದು ಮಾತು ಹೇಳಿಬಿಡೋಣ ಎಂದು ಮೇಜಿನ ಮೇಲಿದ್ದ ಯೋಗೇಂದ್ರನ ಫೋನನ್ನೇ ಎತ್ತಿಕೊಂಡು ಟೆರೇಸಿಗೆ ಹೋದ.

ಮೇಲೆ ದಡಬಡ ಸದ್ದಾಯಿತು. ಪ್ರೇಮಮ್ಮ ಓಡಿಹೋಗಿ ತಮ್ಮ ಮನೆ ಟಿ.ವಿ. ನೋಡಿ ಬಂದರು. "ನಮ್ಮನೇಲೂ ಸೀರಿಯಲ್ ಹೋಯ್ತು ಕಣಪ್ಪ. ಇಡೀ ಏರಿಯಾಗೇ ಲೈನ್ ಇಲ್ಲ."

ಯೋಗೇಂದ್ರ ಆ ಮಾತನ್ನು ನಂಬಿದ. ಎಲ್ಲ ಮನೆಗೂ ಸೇರಿ ಇರುವ ಒಂದೇ ಡಿಶ್ಶನ್ನು ಚಿಕ್ಕಣ್ಣ ಅಲ್ಲಾಡಿಸಿದರೆ ಪ್ರೇಮಮ್ಮನ ಸೀರಿಯಲ್ ಹೋಗದೆ ಇರುತ್ತದೆಯೇ ಎಂದು ಅವನಿಗೆ ಹೊಳೆಯಲಿಲ್ಲ. ಚಿತ್ರ ಬರುತ್ತಿಲ್ಲ, ಆದರೆ ಮೈಕಿನ ಕೆಂಪು ದೀಪ ಉರಿಯುತ್ತಿದೆ. ಅಂದರೆ ರೇಸ್ ನಡೆದಿದೆ, ಜನ ಕೇಳುತ್ತಿದ್ದಾರೆ, ಕುರುಡನಾಗಿರುವುದು ತಾನೊಬ್ಬನೇ. ಕಬಡ್ಡಿ ಮೈದಾನದಲ್ಲಿ ಕರೆಂಟ್ ಹೋದಾಗ ವಿವರಣೆಗಾರ ಬ್ಯಾಟರಿ ಮೈಕಿನಲ್ಲಿ ಮಾತು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಜನ ಎದ್ದು ಹೋಗುತ್ತಾರೆ. ಅಂಥ ಕತ್ತಲೆಯಲ್ಲಿ ಅವನು ಎಷ್ಟೋ ರೈಡುಗಳನ್ನು ಹುಟ್ಟಿಸಿದ್ದ. ಈಗ ಬೆಳಕಿನಲ್ಲಿ ಹುಟ್ಟಿಸತೊಡಗಿದ.

ನಾಲ್ಕನೆಯವನನ್ನು ಇಲಿಬೋನಿನಿಂದ ಹಾರಿಸಿದ. ಐದನೆಯವನನ್ನು ಹಾದಿಬದಿಯ ತಡೆಬಲೆಗೆ ಎಸೆದು, ಕೈಬೀಸುತ್ತಾ ಎದ್ದು ಬರುವಂತೆ ಮಾಡಿದ. ಬಾಯಿಪಾಠ ಮಾಡಿದ್ದ ಹಳೆಯ ಪಂದ್ಯಗಳೆಲ್ಲ ನೆರವಿಗೆ ಬಂದವು. ಮೇಲೆ ಚಿಕ್ಕಣ್ಣ ಸುತ್ತಿಗೆ ಹಿಡಿದಿದ್ದ. ಆ ಸದ್ದು ಕೇಳಬಾರದೆಂದು ಯೋಗೇಂದ್ರ ದನಿ ಏರಿಸಿದ. ದನಿ ಕೇಳಿ ಬೀದಿಯ ನಾಲ್ಕಾರು ಜನ ಒಳಗೆ ಬಂದರು. ಬೆಳ್ಳಗಿನ ಪರದೆಯ ಮುಂದೆ ಬೆವರುತ್ತಾ ಅರಚುತ್ತಿದ್ದವನನ್ನು ನೋಡಿ ಮೊದಲು ಹೆದರಿದರು. ಪ್ರೇಮಮ್ಮ ಎಲ್ಲರಿಗೂ ವಿಷಯ ತಿಳಿಸಿದ ಮೇಲೆ ಬೋಂಡಾ ತಿನ್ನುತ್ತಾ ಕೂತರು. ಯಾರೋ ಶಿಳ್ಳೆ ಹಾಕಿದರು. ಶಿಳ್ಳೆ ಕೇಳಿದರೆ ಯೋಗೇಂದ್ರನಿಗೆ ಗಂಟಲಿನ ಮೇಲೆ ಹಿಡಿತವಿರುವುದಿಲ್ಲ. ಮೂವತ್ತನೆಯವನವರೆಗೆ ಎಲ್ಲರನ್ನೂ ಕಬಡ್ಡಿ ಫೈನಲಿನ ದನಿಯಲ್ಲಿ ಇಳಿಸಿದ. ಕೊನೆಗೆ, ನಿವೃತ್ತನಾಗಿ ಎಷ್ಟೋ ವರ್ಷವಾಗಿದ್ದ ಸ್ವಿಸ್ ಓಟಗಾರನೊಬ್ಬನನ್ನು ಗೆಲ್ಲಿಸಿಬಿಟ್ಟ. ಕೋಣೆಯಲ್ಲಿ ಚಪ್ಪಾಳೆಯಾಯಿತು. ಭವ್ಯಶ್ರೀ ಮಾತ್ರ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು.

ಆಗ ಚಿಕ್ಕಣ್ಣ ಇಳಿದು ಬಂದ. "ಕಸ್ಟಮರ್ ಕೇರ್ನೋರು ಅಷ್ಟೊತ್ತಿಂದ ಬರೀ ಮ್ಯೂಜಿಕ್ ಹಾಕಿ ಕಟ್ ಮಾಡ್ಬುಟ್ರು ಬಡ್ಡೆತ್ತವು. ನಿಂಗೇನೋ ಮೆಸೇಜ್ ಬಂದಂಗದೆ, ನೋಡು," ಎಂದು ಫೋನ್ ಕೊಟ್ಟ.

ಯೋಗೇಂದ್ರ ಮೆಸೇಜ್ ತೆರೆದ.

"ಸರ್, ಬೆಟ್ಟದ ಮೇಲೆ ದಟ್ಟ ಮಂಜು ಕವಿದಿದೆ. ರೇಸ್ ನಿಲ್ಲಿಸಿದ್ದಾರೆ. ನಾವು ಜಾಹೀರಾತು ಹಾಕಿದೀವಿ, ನಿಮ್ಮ ಆಡಿಯೋ ಇಲ್ಲಿಂದಲೇ ಕಟ್ ಮಾಡಿದೀವಿ. ಆರಾಮಾಗಿ ಕಾಫಿ ಕುಡೀರಿ."

ಅದರ ಕೆಳಗೆ: "ಮೊದಲ ಮೂರು ರನ್ ಬೆಂಕಿ ಸರ್. ಮೇಲಿನವರಿಗೆ ತುಂಬಾ ಹಿಡಿಸಿದೆ. ಇನ್ನುಳಿದದ್ದೂ ಹೀಗೇ ಬಂದ್ರೆ ಕಾಂಟ್ರ್ಯಾಕ್ಟ್ ನಿಮ್ದೇ."

ಕೊನೆಯದು ಈಗಷ್ಟೇ ಬಂದಿತ್ತು: "ಮಂಜು ಸರೀತಿದೆ. ರೆಡಿಯಾಗಿ."

ಯೋಗೇಂದ್ರ ಗೋಡೆಗೆ ಒರಗಿದ. ಚಿತ್ರ ಕೆಟ್ಟಿರಲಿಲ್ಲ. ಮಂಜನ್ನು ಅದು ಸರಿಯಾಗಿಯೇ ತೋರಿಸುತ್ತಿತ್ತು. ಅವನು ಗೆಲ್ಲಿಸಿದ ಮುದುಕನ ಸುದ್ದಿ ಈ ಕೋಣೆ ದಾಟಿರಲಿಲ್ಲ. ತಾನು ಬದುಕಿದೆ ಎನಿಸಿ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಪೈನ್ ಮರಗಳು ಒಂದೊಂದಾಗಿ ಮೂಡಿದವು. ನಾಲ್ಕನೆಯ ಓಟಗಾರ ಗೇಟಿನಲ್ಲಿ ಬಗ್ಗಿ ನಿಂತಿದ್ದ.

"ಇದ್ಯಾಕೆ ಮತ್ತೆ ಶುರು ಮಾಡವ್ರೆ? ಗೆದ್ದೋನು ಗೆದ್ದಾಯ್ತಲ್ಲ," ಎಂದರು ಪ್ರೇಮಮ್ಮ.

"ರಿಪೀಟು ಕಣಮ್ಮ. ಎದ್ದೇಳಿ," ಎಂದ ಚಿಕ್ಕಣ್ಣ. ಖಾಲಿ ಡಬರಿಯೊಂದಿಗೆ ಎಲ್ಲರೂ ಹೊರಟುಹೋದರು.

"ಆನ್ ಏರ್," ಎಂದು ಸ್ವರೂಪನ ಮೆಸೇಜ್ ಬಂತು. ಓಟಗಾರ ಇಲಿಬೋನಿನತ್ತ ಧುಮುಕಿದ. ಯೋಗೇಂದ್ರ ಎದೆ ತುಂಬ ಉಸಿರೆಳೆದು ಬಾಯಿ ತೆರೆದ. ಪಂಕ್ಚರಾದ ಟ್ಯೂಬಿನಿಂದ ಬರುವಂಥ ಗಾಳಿ ಬಂತು. ಮತ್ತೆ ತೆರೆದ. ಮತ್ತೆ ಗಾಳಿ. ಭವ್ಯಶ್ರೀ ಓಡಿಹೋಗಿ ಬಿಸಿನೀರು ತಂದಳು. ಅವನು ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡ. ಐದನೆಯವನೂ ಹೊರಟ. ಗಂಡ ಎರಡೂ ಕೈಯಿಂದ ಮೈಕಿನತ್ತ ತೋರಿಸುತ್ತಿದ್ದುದನ್ನು ನೋಡಿ ಭವ್ಯಶ್ರೀ ಧೈರ್ಯ ಮಾಡಿ ಬಗ್ಗಿದಳು.

"ಹೋಗ್ತಾವ್ನೆ," ಎಂದಳು. ಸ್ವಲ್ಪ ಹೊತ್ತು ನೋಡಿದಳು. "ಹೋಗ್ತಾನೇ ಅವ್ನೆ. ಹೋದ."

ಫೋನು ಮಿನುಗಿತು. ಇಂಗ್ಲಿಷ್ ಆಡಿಯೋ ಹಾಕಿಕೊಂಡಿದ್ದೇವೆ, ಇಷ್ಟು ದಿನದ ಸಹಕಾರಕ್ಕೆ ಧನ್ಯವಾದ ಎಂದು ಸ್ವರೂಪ್ ಬರೆದಿದ್ದ. ಕೆಂಪು ದೀಪ ಆರಿತು.

ಆ ಸಂಜೆ ಒಟ್ಟು ಹೋದದ್ದು: ವರ್ಷದ ಕಾಂಟ್ರ್ಯಾಕ್ಟ್ ಒಂದು, ಗಂಟಲು ಒಂದು, ಡಿಶ್‌ನ ಕಾಲು ಒಂದು, ಪ್ರೇಮಮ್ಮನ ಸೀರಿಯಲ್ ಎರಡು.