ಕಾಫಿ ಬಿಟ್ಟ ಕ್ಯಾಂಡಿಡೇಟು

ಗುಬ್ಬಿಯ ಶ್ರೀಕಂಠಯ್ಯ ಮೇಷ್ಟ್ರು ಮುನಿಸಿಪಾಲಿಟಿ ಚುನಾವಣೆಗೆ ನಿಂತದ್ದು ದೇಶೋದ್ಧಾರಕ್ಕಲ್ಲ, ಮನೆ ಮುಂದಿನ ಚರಂಡಿಗಾಗಿ. ಎದುರಿಗಿದ್ದ ರಾಮಾಂಜಿನಯ್ಯನ ಕಾಫಿ ಹೋಟೆಲಿನ ಕೊಚ್ಚೆಯೆಲ್ಲ ಅವರ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಅರ್ಜಿ ಬರೆದೂ ಬರೆದೂ ಕೈ ಸೋತಿತ್ತು. ರಿಟೈರಾದ ಮೇಲೆ ತಾವೇ ಮೆಂಬರಾಗಿ ಅದನ್ನು ಸರಿಮಾಡಿಸುವುದೆಂದು ನಿಶ್ಚಯಿಸಿದರು.

ಟಿಕೆಟ್ ಕೊಡಲು ಒಪ್ಪಿದ್ದು ಸರಳ ಜೀವನ ಪಕ್ಷವೊಂದೇ. ಅದರ ಅಧ್ಯಕ್ಷರು ರಾಗಿ ಮಂಡಿ ಮಹಾದೇವಯ್ಯ. ಹಾಗಾಗಿ ಪ್ರಣಾಳಿಕೆಯ ಮೊದಲ ಮಾತೇ 'ಕಾಫಿ ಬಿಡಿ, ರಾಗಿ ಗಂಜಿ ಕುಡಿಯಿರಿ' ಎಂದಿತ್ತು. ಜೊತೆಗೊಂದು ನಿಯಮ: ಪ್ರಣಾಳಿಕೆಯನ್ನು ಮೊದಲು ಅಭ್ಯರ್ಥಿ ಪಾಲಿಸಬೇಕು, ತಪ್ಪಿದರೆ ಟಿಕೆಟ್ ವಾಪಸ್. ಕಾಫಿಯಿಲ್ಲದೆ ಹಾಸಿಗೆಯಿಂದಲೇ ಏಳದ ಮೇಷ್ಟ್ರು ಚರಂಡಿಯ ಕಡೆ ನೋಡಿ, ಮೂಗು ಮುಚ್ಚಿಕೊಂಡು ಸಹಿ ಹಾಕಿದರು.

ಮಾರನೆಯ ದಿನ ಪ್ರಚಾರ. ಅವರ ಮೇಲೊಂದು ಕಣ್ಣಿಡಲು ಪಕ್ಷದವರು ಪಕ್ಕದ ಮನೆಯ ಬೆಟ್ಟಸ್ವಾಮಿಯನ್ನು ಕಳಿಸಿದ್ದರು. ಮೊದಲ ಮನೆಯಲ್ಲೇ ಅಲಮೇಲಮ್ಮ ಹಬೆಯಾಡುವ ಕಾಫಿ ತಂದಿಟ್ಟರು.

"ಬೇಡಮ್ಮಾ, ಬಿಟ್ಟಿದೀನಿ," ಎಂದರು ಮೇಷ್ಟ್ರು, ಲೋಟದಿಂದ ಕಣ್ಣು ಕಿತ್ತು.

"ನಮ್ಮನೆ ಕಾಫಿ ಆಗಲ್ಲ, ಓಟು ಮಾತ್ರ ಆಗತ್ತೋ?" ಅಲಮೇಲಮ್ಮ ಮುಖ ತಿರುಗಿಸಿದರು.

ಬೆಟ್ಟಸ್ವಾಮಿ ತನ್ನ ಲೋಟ ಮುಗಿಸಿ ಮೇಷ್ಟ್ರ ಲೋಟಕ್ಕೂ ಕೈ ಹಾಕಿದ.

"ಏನಯ್ಯಾ, ನೀನೂ ಪಕ್ಷದೋನೇ ಅಲ್ವೇ?"

"ನಾನೇನು ಕ್ಯಾಂಡಿಡೇಟಾ ಸ್ವಾಮಿ? ರೂಲು ನಿಮ್ಗೆ ತಾನೆ! ಬುಡಿ, ಅವ್ರಿಗೆ ಬೇಜಾರಾಗಬಾರ್ದು."

ಪ್ರತಿ ಮನೆಯಲ್ಲೂ ಇದೇ ಪಾಡು. ಒಬ್ಬರು ಮೇಷ್ಟ್ರಿಗೆ ಜಂಬ ಬಂದಿದೆ ಎಂದರು, ಇನ್ನೊಬ್ಬರು ಮಡಿ ಜಾಸ್ತಿಯಾಗಿದೆ ಎಂದರು. ಮತ್ತೊಬ್ಬರು ಹೊಟ್ಟೆ ಕೆಟ್ಟಿದೆಯೆಂದು ತಿಳಿದು ಬಲವಂತವಾಗಿ ಕಹಿ ಕಷಾಯ ಕುಡಿಸಿದರು. ಬೆಟ್ಟಸ್ವಾಮಿ ಮಧ್ಯಾಹ್ನ ಊಟಕ್ಕೆಂದು ಹೋಗಿ ನಿಧಾನವಾಗಿ ಬಂದ. ಸಂಜೆಗೆ ಮೇಷ್ಟ್ರ ತಲೆಯನ್ನು ಒನಕೆಯಲ್ಲಿ ಕುಟ್ಟಿದಂತಾಗಿತ್ತು. ಆದರೂ ಒಂದು ಗುಟುಕು ಕಾಫಿಯನ್ನೂ ಮುಟ್ಟಿರಲಿಲ್ಲ. ಆ ಸುಸ್ತಿನಲ್ಲೇ ಮಂಡಿಗೆ ಹೋದರು.

"ನಿಮ್ಮಂಥ ನಿಷ್ಠಾವಂತರೇ ಇಲ್ಲ ಬಿಡಿ," ಎಂದರು ಮಹಾದೇವಯ್ಯ. "ಆದ್ರೆ ಕಾಫಿ ಬಿಡಿ ಅಂದ್ರೆ ಒಂದ್ ಓಟೂ ಬೀಳಲ್ಲ ಅಂತ ಬೆಟ್ಟಸ್ವಾಮಿ ಮಧ್ಯಾಹ್ನ ಬಂದು ಹೇಳ್ದ. ಕಮಿಟಿ ಸೇರಿ ತಿದ್ದಿಬಿಟ್ವಿ. ಇನ್ಮೇಲೆ 'ಮನೆಮನೆಗೂ ಒಳ್ಳೆ ಕಾಫಿ'!"

ಮೇಷ್ಟ್ರಿಗೆ ಹೋದ ಜೀವ ಬಂತು. "ಹಾಗಾದ್ರೆ ಈಗ್ಲೇ ಒಂದು ಲೋಟ ತರ್ಸಿ!"

"ತಾಳಿ. ರೂಲು ಮಾತ್ರ ಹಾಗೇ ಇದೆ. ಪ್ರಣಾಳಿಕೆ ಪಾಲಿಸೋರೇ ನಿಲ್ಬೇಕು. ನೀವು ಕಾಫಿ ಮುಟ್ಟಲ್ಲ ಅಂತ ಊರಿಗೆಲ್ಲ ಗೊತ್ತಾಗೋಯ್ತು. ಅದಕ್ಕೇ ಟಿಕೆಟ್ಟು ರಾಮಾಂಜಿನಯ್ಯನಿಗೆ ಕೊಟ್ವಿ."

ಮೇಷ್ಟ್ರು ಮನೆಗೆ ಬಂದರು. "ಕೌಸಲ್ಯಾ, ಕಾಫಿ ಕೊಡೇ."

"ಎಲ್ಲಿಂದ ತರ್ಲಿ? ನಿಮ್ಮ ಟಿಕೆಟ್ ಹೋಗ್ಬಾರ್ದು ಅಂತ ಪುಡಿ, ಫಿಲ್ಟರು ಎಲ್ಲಾ ಅಲಮೇಲಮ್ಮನಿಗೆ ಕೊಟ್ಬಿಟ್ಟೆ," ಎಂದರು ಹೆಂಡತಿ.

ಮೇಷ್ಟ್ರು ಪಂಚೆ ಎತ್ತಿ ಹಿಡಿದು ಚರಂಡಿ ದಾಟಿ ಹೋಟೆಲಿಗೆ ಹೋದರು. ರಾಮಾಂಜಿನಯ್ಯ ಕೈ ಮುಗಿದು ತಾನೇ ಕಾಫಿ ತಂದುಕೊಟ್ಟ. ಕಾಫಿ ಬಹಳ ಚೆನ್ನಾಗಿತ್ತು, ಮೇಷ್ಟ್ರಿಗೆ ಅದೇ ದುಃಖ.

"ಅಲ್ಲಯ್ಯಾ, ಗೆದ್ದ ಮೇಲೆ ಈ ಚರಂಡಿನಾದ್ರೂ ಸರಿ ಮಾಡಿಸ್ತೀಯಾ?"

"ಅದು ಪ್ರಣಾಳಿಕೇಲಿ ಇಲ್ವಲ್ಲ ಮೇಷ್ಟ್ರೇ. ರೂಲು ಅಂದ್ರೆ ರೂಲು," ಎನ್ನುತ್ತ ರಾಮಾಂಜಿನಯ್ಯ ಲೋಟ ತೊಳೆದ ನೀರನ್ನು ಚರಂಡಿಗೆ ಚೆಲ್ಲಿದ.